ಹೊಸ ಬಟ್ಟೆ ಬ್ರ್ಯಾಂಡ್: ಗಾರ್ಮೆಂಟ್ ಯೂನಿಟ್‌ಗೆ ಕೊಡುವ ಟೆಕ್ ಪ್ಯಾಕ್‌ನಲ್ಲಿ ಏನೇನು ಬರೆಯಬೇಕು?

ಧಾರವಾಡದ ಖಣ

ಎಲ್ಲರಿಗೂ ನಮಸ್ಕಾರ. ಹೆಣ್ಣುಮಕ್ಕಳು ದಿನಾ ಆಫೀಸಿಗೆ ಹಾಕಿಕೊಂಡು ಹೋಗಬಹುದಾದ ಶಾರ್ಟ್ ಕುರ್ತಾಗಳ ಸಣ್ಣ ಬ್ರ್ಯಾಂಡ್ ಕಟ್ಟುತ್ತಿದ್ದೇನೆ. ಮೈಭಾಗಕ್ಕೆ ಕೈಮಗ್ಗದ ಹತ್ತಿ ಬಟ್ಟೆ, ಭುಜದ ಯೋಕ್ (ಭುಜದ ಮೇಲೆ ಬರುವ ತುಂಡು) ಮತ್ತು ತೋಳಿನ ಕಫ್‌ಗೆ ಗುಳೇದಗುಡ್ಡದ ಖಣ. ಮೊದಲ ಲಾಟ್ 300 ಪೀಸ್. ಒಂದೇ ಸ್ಟೈಲ್, ಎರಡು ಬಣ್ಣ, ಎಸ್‌ನಿಂದ ಎಕ್ಸ್‌ಎಲ್‌ವರೆಗೆ ನಾಲ್ಕು ಸೈಜ್.

ಬೆಂಗಳೂರಿನ ಕೆಲವು ಯೂನಿಟ್‌ಗಳ ಜೊತೆ ಮಾತಾಡಿದೆ. ಸಣ್ಣ ಯೂನಿಟ್‌ನವರು "ಒಂದು ಸ್ಯಾಂಪಲ್ ಕೊಡಿ ಮೇಡಂ, ಹಂಗೇ ಹೊಲಿದು ಕೊಡ್ತೀವಿ" ಅನ್ನುತ್ತಾರೆ. ಸ್ವಲ್ಪ ದೊಡ್ಡ ಯೂನಿಟ್‌ನವರು "ಟೆಕ್ ಪ್ಯಾಕ್ ಮೇಲ್ ಮಾಡಿ, ಆಮೇಲೆ ರೇಟ್ ಹೇಳ್ತೀವಿ" ಅಂದರು. ಅಂದರೆ ಚಿತ್ರ, ಅಳತೆ, ಬಟ್ಟೆ, ಹೊಲಿಗೆಯ ವಿವರ ಎಲ್ಲಾ ಬರೆದ ಕಡತ. ನನ್ನ ಹತ್ತಿರ ಈಗಿರುವುದು ಕೈಯಲ್ಲಿ ಬರೆದ ಚಿತ್ರಗಳು ಮತ್ತು ನಮ್ಮೂರಿನ ಟೇಲರ್ ಹೊಲಿದುಕೊಟ್ಟ ಎಂ ಸೈಜಿನ ಒಂದು ಪೀಸ್. ಅದು ನನಗೆ ಬೇಕಾದ ಹಾಗೇ ಬಂದಿದೆ.

ಟೆಕ್ ಪ್ಯಾಕ್ ನಿಜವಾಗಲೂ ಬೇಕಾ? ಬೇಕಿದ್ದರೆ ಯಾವುದನ್ನು ಬಿಡಲೇಬಾರದು? ಇಲ್ಲಸ್ಟ್ರೇಟರ್ ಬಳಸಲು ನನಗೆ ಬರುವುದಿಲ್ಲ. ಡಿಸೈನರ್ ಒಬ್ಬರಿಗೆ ದುಡ್ಡು ಕೊಟ್ಟು ಮಾಡಿಸಲೇಬೇಕಾ?

ಪೀಣ್ಯ ಮರ್ಚಂಡೈಸರ್

ಬೇಕೇ ಬೇಕು, ಆದರೆ ಅದಕ್ಕೆ ಇಲ್ಲಸ್ಟ್ರೇಟರ್ ಬೇಕಿಲ್ಲ. ಎಕ್ಸೆಲ್ ಶೀಟ್, ಗ್ರಾಫ್ ಹಾಳೆಯ ಮೇಲೆ ಸ್ಕೇಲ್ ಹಿಡಿದು ಬರೆದ ಚಿತ್ರ, ಮೊಬೈಲ್‌ನಲ್ಲಿ ಹತ್ತಿರದಿಂದ ತೆಗೆದ ಫೋಟೋಗಳು, ಇಷ್ಟೇ ಸಾಕು. ಎಕ್ಸ್‌ಪೋರ್ಟ್ ಬೈಯರ್‌ಗಳು ಕಳಿಸುವ ಪ್ಯಾಕ್ ಮೂವತ್ತು, ನಲವತ್ತು ಪುಟ ಇರುತ್ತದೆ. ಅದನ್ನು ನೋಡಿ ಹೆದರಬೇಡಿ. ನಿಮ್ಮ ಒಂದು ಸ್ಟೈಲ್‌ಗೆ ಆರೇಳು ಪುಟ ಚೆನ್ನಾಗಿದ್ದರೆ ಆಯಿತು.

ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ನೀವು ಬರೆಯದೆ ಬಿಟ್ಟದ್ದು ಖಾಲಿ ಉಳಿಯುವುದಿಲ್ಲ. ಕಟಿಂಗ್ ಟೇಬಲ್‌ನಲ್ಲೋ ಹೊಲಿಗೆ ಲೈನ್‌ನಲ್ಲೋ ಯಾರಾದರೂ ಅದನ್ನು ತುಂಬುತ್ತಾರೆ. ಗುಂಡಿ ಯಾವುದು ಅಂತ ಬರೆದಿಲ್ಲವಾದರೆ ಸ್ಟೋರ್‌ನಲ್ಲಿ ಮಿಕ್ಕಿರುವ ಗುಂಡಿ ಬರುತ್ತದೆ. ಇಂಚಿಗೆ ಎಷ್ಟು ಹೊಲಿಗೆ ಅಂತ ಬರೆದಿಲ್ಲವಾದರೆ ಮಷಿನ್ ಹಿಂದಿನ ಆರ್ಡರ್‌ಗೆ ಸೆಟ್ ಆಗಿದ್ದಷ್ಟೇ ಬರುತ್ತದೆ. ಅದರಲ್ಲಿ ಮೋಸ ಏನೂ ಇಲ್ಲ, ಕೆಲಸ ನಿಲ್ಲಬಾರದು ಅಂತ ಮಾಡುತ್ತಾರೆ. ಆಮೇಲೆ "ನಾನು ಹೇಳಿದ್ದು ಇದಲ್ಲ" ಅನ್ನೋಕೆ ನಿಮ್ಮ ಕೈಯಲ್ಲಿ ಕಾಗದ ಇರುವುದಿಲ್ಲ.

ಮೊದಲು ಒಂದು ನಿರ್ಧಾರ ಮಾಡಿ. ಬಟ್ಟೆ ಯಾರು ತರುತ್ತಾರೆ? ಬಟ್ಟೆ ನೀವೇ ಕೊಟ್ಟು ಯೂನಿಟ್ ಬರೀ ಕತ್ತರಿಸಿ ಹೊಲಿದು ಕೊಡುವುದು ಸಿಎಂಟಿ, ನಮ್ಮ ಮಾತಿನಲ್ಲಿ ಜಾಬ್ ವರ್ಕ್. ಬಟ್ಟೆಯಿಂದ ಪ್ಯಾಕಿಂಗ್‌ವರೆಗೆ ಎಲ್ಲಾ ಅವರೇ ನೋಡಿಕೊಂಡರೆ ಫುಲ್ ಪ್ಯಾಕೇಜ್. ನಿಮ್ಮದು ಖಣ, ಕೈಮಗ್ಗ. ಹಾಗಾಗಿ ಜಾಬ್ ವರ್ಕೇ ಆಗುತ್ತದೆ. ಅಂದರೆ ಬಟ್ಟೆಯ ಜವಾಬ್ದಾರಿ ಪೂರ್ತಿ ನಿಮ್ಮದು: ಪನ್ನ (ಬಟ್ಟೆಯ ಅಗಲ), ತೂಕ, ಕುಗ್ಗುವಿಕೆ, ಬಣ್ಣ ಬಿಡುವುದು, ಎಲ್ಲವೂ. ಜಾಬ್ ವರ್ಕ್‌ನಲ್ಲಿ ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ಒಗೆದ ಮೇಲೆ ಕುರ್ತಾ ಚಿಕ್ಕದಾದರೆ ಯೂನಿಟ್ "ಬಟ್ಟೆ ನಿಮ್ಮದು" ಅನ್ನುತ್ತದೆ, ನೀವು "ಕಟಿಂಗ್ ನಿಮ್ಮದು" ಅನ್ನುತ್ತೀರಿ.

ಬೊಮ್ಮನಹಳ್ಳಿ ಮಾಸ್ಟರ್

ಮೇಲಿನವರ ಮಾತು ಸರಿ, ಆದರೆ ಪ್ಯಾಟರ್ನ್ (ಬಟ್ಟೆ ಕತ್ತರಿಸೋಕೆ ಇಡೋ ಕಾಗದದ ಅಚ್ಚು) ಟೇಬಲ್ ಕಡೆಯಿಂದ ನಾನೂ ಒಂದು ಹೇಳ್ತೀನಿ. ಬಟ್ಟೆ ಮುಟ್ಟದೇ ಇರೋರು ಮಾಡಿದ ಚೆಂದದ ಟೆಕ್ ಪ್ಯಾಕ್ ಬೇಕಾದಷ್ಟು ನೋಡಿದ್ದೀನಿ. ಅದರ ಅಳತೆಗೆ ಪ್ಯಾಟರ್ನ್ ತೆಗೆದರೆ ತೋಳು ಆರ್ಮ್‌ಹೋಲ್‌ಗೆ ಕೂರೋದೇ ಇಲ್ಲ. ನನ್ನ ಪ್ರಕಾರ ಚೆನ್ನಾಗಿ ಕೂರುವ ಒಂದು ಪೀಸ್ ನೂರು ಪುಟಕ್ಕಿಂತ ಮೇಲು. ಆ ಎಂ ಸೈಜ್ ಪೀಸನ್ನು ಭದ್ರವಾಗಿ ಇಟ್ಟುಕೊಳ್ಳಿ. ಒಗೀಬೇಡಿ, ಹಾಕ್ಕೋಬೇಡಿ.

ಪೀಣ್ಯ ಮರ್ಚಂಡೈಸರ್

ಮಾಸ್ಟರ್, ಪೀಸ್ ಬೇಕು, ಒಪ್ಪಿದೆ. ಆದರೆ ಅದರಲ್ಲಿ ಯಾವುದು ಬೇಕೂಂತ ಮಾಡಿದ್ದು, ಯಾವುದು ಟೇಲರ್ ಕೈತಪ್ಪಿನಿಂದ ಬಂದದ್ದು ಅಂತ ಪೀಸ್ ಹೇಳುವುದಿಲ್ಲ. ಎಡ ಕಫ್ 5 ಸೆಂ.ಮೀ., ಬಲ ಕಫ್ 5.4 ಇದ್ದರೆ ಯಾವುದನ್ನು ಹಿಡಿಯಬೇಕು? ಅದನ್ನು ಕಾಗದವೇ ಹೇಳಬೇಕು. ಅದಕ್ಕೇ ಪ್ಯಾಕ್‌ನ ಮೊದಲ ಪುಟದಲ್ಲಿ ಒಂದು ಸಾಲು ಬರೆಸುತ್ತೇನೆ: "ಸ್ಯಾಂಪಲ್‌ಗೂ ಶೀಟ್‌ಗೂ ವ್ಯತ್ಯಾಸ ಬಂದರೆ ಶೀಟ್ ಅಂತಿಮ. ಅನುಮಾನ ಬಂದರೆ ಕತ್ತರಿಸುವ ಮುಂಚೆ ಕೇಳಿ."

ಬೊಮ್ಮನಹಳ್ಳಿ ಮಾಸ್ಟರ್

ಆ ಸಾಲು ಒಳ್ಳೇದು. ಅದಕ್ಕೆ ನನ್ನ ತಕರಾರಿಲ್ಲ.

ಈಗ ಅಳತೆ ವಿಷಯ. ಹೊಸಬರು ಬರೀ "ಚೆಸ್ಟ್ 51" ಅಂತ ಬರೀತಾರೆ. ಎಲ್ಲಿಂದ ಎಲ್ಲಿಗೆ? ಆರ್ಮ್‌ಹೋಲ್ ಹೊಲಿಗೆಗೆ ಸರಿಯಾಗಿಯಾ, ಅದಕ್ಕಿಂತ 2.5 ಸೆಂ.ಮೀ. ಕೆಳಗಾ? ಒಂದು ಮಗ್ಗುಲಿನಿಂದ ಇನ್ನೊಂದಕ್ಕಾ, ಸುತ್ತಳತೆಯಾ? ಉದ್ದ ಅಂದರೆ ಭುಜ ಮತ್ತು ಕುತ್ತಿಗೆ ಸೇರುವ ತುದಿಯಿಂದಲಾ, ಬೆನ್ನ ನಡುವಿನ ಕಾಲರ್ ಹೊಲಿಗೆಯಿಂದಲಾ? ಈ ಎರಡರ ಮಧ್ಯೆ ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬರಬಹುದು. ಚಿತ್ರದ ಮೇಲೆ ಬಾಣ ಎಳೆದು ಅದಕ್ಕೆ ನಂಬರ್ ಕೊಡಿ, ಅದೇ ನಂಬರಿನ ಮುಂದೆ ಟೇಬಲ್‌ನಲ್ಲಿ ಅಳತೆ ಬರೀರಿ. ಬಾಣದ ತುದಿ ಸರಿಯಾಗಿ ಹೊಲಿಗೆಯ ಮೇಲೇ ಇರಲಿ.

ಇಂಚೋ ಸೆಂಟಿಮೀಟರೋ, ಒಂದನ್ನೇ ಹಿಡೀರಿ. ಒಂದೇ ಹಾಳೆಯಲ್ಲಿ ಎರಡೂ ಬೇಡ.

ಮತ್ತೆ ಟಾಲರೆನ್ಸ್. ಎಷ್ಟು ಹೆಚ್ಚು ಕಡಿಮೆ ಆದರೂ ನಿಮಗೆ ನಡೆಯುತ್ತೆ ಅನ್ನೋದು. ಅದನ್ನು ಬರೀದೆ ಹೋದರೆ ಯೂನಿಟ್‌ನವರು ಎಲ್ಲಾ ನಡೆಯುತ್ತೆ ಅಂದುಕೊಳ್ತಾರೆ, ನೀವು ಯಾವುದೂ ನಡೆಯಲ್ಲ ಅಂದುಕೊಂಡಿರ್ತೀರಿ. ಅರ್ಧ ಚೆಸ್ಟ್‌ಗೆ ಪ್ಲಸ್ ಮೈನಸ್ 1 ಸೆಂ.ಮೀ., ಉದ್ದಕ್ಕೂ 1, ಕಾಲರ್‌ಗೆ ಅರ್ಧ, ಗುಂಡಿಯಿಂದ ಗುಂಡಿಗೆ 3 ಮಿ.ಮೀ. ಕೈಮಗ್ಗದ ಬಟ್ಟೆಗೆ ಇದಕ್ಕಿಂತ ಬಿಗಿ ಕೇಳಿದರೆ ಪೀಸ್ ರೇಟ್ ಏರುತ್ತೆ, ರಿಜೆಕ್ಷನ್ನೂ ಏರುತ್ತೆ.

ಎಚ್‌ಎಸ್‌ಆರ್ ಫ್ಯಾಷನ್ ವಿದ್ಯಾರ್ಥಿ

ಗ್ರೇಡಿಂಗ್ (ಒಂದು ಸೈಜಿನ ಅಳತೆಯಿಂದ ಬೇರೆ ಸೈಜ್ ತೆಗೆಯುವುದು) ಬಗ್ಗೆ ಒಂದು ಪ್ರಶ್ನೆ. ಎಂ ಸೈಜ್ ಮಾತ್ರ ಸರಿಯಾಗಿ ಕೊಟ್ಟರೆ ಉಳಿದ ಸೈಜ್‌ಗಳನ್ನು ಮಾಸ್ಟರ್ ಅವರೇ ತೆಗೆಯುತ್ತಾರಾ? ನಾವು ಕಾಲೇಜಿನಲ್ಲಿ ವಿದೇಶಿ ಸೈಜ್ ಚಾರ್ಟ್‌ಗಳನ್ನೇ ಹೆಚ್ಚು ಬಳಸುತ್ತೇವೆ. ನಮ್ಮ ಜನರ ಮೈಯಳತೆಗೆ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಇಂಡಿಯಾ ಸೈಜ್ ಎಂಬ ಸಮೀಕ್ಷೆ ಕೈಗೆತ್ತಿಕೊಂಡಿದೆ. ಬೆಂಗಳೂರು ಸೇರಿ 6 ನಗರಗಳಲ್ಲಿ 25 ಸಾವಿರ ಜನರನ್ನು ತ್ರೀಡಿ ಸ್ಕ್ಯಾನ್ ಮಾಡುವ ಯೋಜನೆ ಅದು. ಅದರ ಚಾರ್ಟ್ ನಮ್ಮ ಕೈಗೆ ಸಿಗುವವರೆಗೆ ಏನು ಮಾಡುವುದು?

ಬೊಮ್ಮನಹಳ್ಳಿ ಮಾಸ್ಟರ್

ಮಾಸ್ಟರ್ ತೆಗೀತಾರೆ, ಆದರೆ ತಮ್ಮ ಅಭ್ಯಾಸದ ಗ್ರೇಡ್‌ನಲ್ಲಿ. ಒಂದು ಸೈಜಿನಿಂದ ಮುಂದಿನದಕ್ಕೆ ಅರ್ಧ ಚೆಸ್ಟ್‌ಗೆ 2.5 ಸೆಂ.ಮೀ., ಭುಜಕ್ಕೆ 1.3, ಉದ್ದಕ್ಕೆ 1.3, ಇದು ಸಾಮಾನ್ಯವಾಗಿ ಹಿಡಿಯೋದು. ನಿಮ್ಮ ಗಿರಾಕಿಗಳಿಗೆ ಅದು ಹೊಂದುತ್ತಾ ನೀವೇ ನೋಡಬೇಕು. ನಮ್ಮ ಕಡೆ ಹೆಣ್ಮಕ್ಕಳಿಗೆ ಎಕ್ಸ್‌ಎಲ್‌ಗೆ ಹೋದಾಗ ಎದೆ, ಸೊಂಟ, ತೋಳಿನ ಮೇಲ್ಭಾಗಕ್ಕೆ ಜಾಸ್ತಿ ಜಾಗ ಬೇಕಾಗುತ್ತೆ, ಭುಜಕ್ಕೆ ಅಷ್ಟು ಬೇಡ. ಪರಿಚಯದವರಲ್ಲಿ ನಾಲ್ಕೂ ಸೈಜಿನವರನ್ನು ಕರೆದು ಸೈಜ್ ಸೆಟ್ (ಪ್ರತಿ ಸೈಜಿನ ಒಂದೊಂದು ಸ್ಯಾಂಪಲ್) ಹಾಕಿಸಿ ನೋಡಿ. ಕೂತು, ಕೈ ಎತ್ತಿ, ಬಸ್ಸಿನ ಕಂಬಿ ಹಿಡಿಯೋ ಹಾಗೆ ಮಾಡಿ ತೋರಿಸಲಿ. ತೋಳು ಬಿಗಿ ಅನ್ನೋದು ಆಗಲೇ ಗೊತ್ತಾಗೋದು.

ತಿರುಪ್ಪೂರಿನಿಂದ

ನಾನು ನಿಟ್‌ವೇರ್‌ನಲ್ಲಿದ್ದೇನೆ, ಅಂದರೆ ಹೆಣೆದ ಬಟ್ಟೆ. ನಿಮ್ಮದು ವೋವನ್, ನೇಯ್ದದ್ದು, ಆದರೂ ಬಟ್ಟೆ ಪುಟದ ಬಗ್ಗೆ ಹೇಳಬಹುದು. ಬರೀ "ಕಾಟನ್" ಅಂತ ಬರೆಯಬೇಡಿ. ನಾವು ಟೀ ಶರ್ಟ್‌ಗೆ ಬರೆಯುವುದು ಹೀಗೆ: "100 ಪರ್ಸೆಂಟ್ ಕಾಟನ್, 30 ಕೌಂಟ್ ಕೋಂಬ್ಡ್, ಸಿಂಗಲ್ ಜೆರ್ಸಿ, 180 ಜಿಎಸ್‌ಎಂ, ಬಯೋವಾಶ್, ಕಾಂಪ್ಯಾಕ್ಟಿಂಗ್". ನೂಲು, ಹೆಣಿಗೆ, ತೂಕ, ಫಿನಿಶ್ ಎಲ್ಲಾ ಇದರಲ್ಲಿದೆ, ಒಂದು ಪದ ಬಿಟ್ಟರೂ ಸಿಗುವ ಬಟ್ಟೆಯೇ ಬೇರೆ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ. ಇದಕ್ಕೆಂದೇ ಇರುವ ಕಟರ್ ಇಲ್ಲದಿದ್ದರೆ ಮನೆಯಲ್ಲೇ ನೋಡಬಹುದು. 10 ಸೆಂ.ಮೀ.ಗೆ 10 ಸೆಂ.ಮೀ. ಚೌಕವನ್ನು ನಿಖರವಾಗಿ ಕತ್ತರಿಸಿ, ಆಭರಣ ತೂಗುವ ಸಣ್ಣ ತಕ್ಕಡಿಯಲ್ಲಿಟ್ಟು, ಬಂದದ್ದನ್ನು 100ರಿಂದ ಗುಣಿಸಿ. 1.2 ಗ್ರಾಂ ಬಂದರೆ 120 ಜಿಎಸ್‌ಎಂ. ಥಾನಿನ ಬೇರೆ ಬೇರೆ ಕಡೆಯಿಂದ ಚೌಕ ತೆಗೆಯಿರಿ. ಕೈಮಗ್ಗದಲ್ಲಿ ಒಂದೇ ಥಾನಿನಲ್ಲೂ ಏರುಪೇರು ಇರುತ್ತದೆ.

ಕುಗ್ಗುವಿಕೆಗೂ ಲ್ಯಾಬ್ ಬೇಕೇಬೇಕು ಅಂತಿಲ್ಲ. ಬಟ್ಟೆಯ ಮೇಲೆ 50 ಸೆಂ.ಮೀ. ಚೌಕ ಗುರುತು ಹಾಕಿ, ಅಳಿಸದ ಮಾರ್ಕರ್‌ನಲ್ಲಿ. ಗಿರಾಕಿ ಮನೆಯಲ್ಲಿ ಹೇಗೆ ಒಗೆಯುತ್ತಾರೋ ಹಾಗೇ ಒಗೆದು, ಒಣಗಿಸಿ, ಎಳೆಯದೆ ಇಸ್ತ್ರಿ ಮಾಡಿ ಅಳೆಯಿರಿ. ಉದ್ದದಲ್ಲಿ 48ಕ್ಕೆ ಇಳಿದರೆ ಶೇ 4. ಉದ್ದ ಬೇರೆ, ಅಡ್ಡ ಬೇರೆ ಬರೆದಿಡಿ.

ಬೊಮ್ಮನಹಳ್ಳಿ ಮಾಸ್ಟರ್

ಶೇ 4 ಅಂದರೆ ಎಷ್ಟು ಅಂತ ಲೆಕ್ಕ ಹಾಕಿ ತೋರಿಸ್ತೀನಿ. ಕುರ್ತಾ ಉದ್ದ 76 ಸೆಂ.ಮೀ. ಬೇಕಿದ್ದರೆ 76ನ್ನು 0.96ರಿಂದ ಭಾಗಿಸಬೇಕು. 79.2 ಬರುತ್ತೆ. ಪ್ಯಾಟರ್ನ್ ಅಷ್ಟು ಉದ್ದ ಇರಬೇಕು. ಆದರೆ ನಿಮ್ಮ ಕುರ್ತಾದಲ್ಲಿ ಎರಡು ಥರದ ಬಟ್ಟೆ ಇದೆ. ಮೈಬಟ್ಟೆ ಒಂದು ರೀತಿ ಕುಗ್ಗಿ ಖಣ ಇನ್ನೊಂದು ರೀತಿ ಕುಗ್ಗಿದರೆ, ಮೊದಲ ಒಗೆತದಲ್ಲೇ ಯೋಕ್ ಹೊಲಿಗೆ ಸುಕ್ಕು ಸುಕ್ಕಾಗುತ್ತೆ. ಅದನ್ನು ಯಾವ ಇಸ್ತ್ರಿನೂ ಸರಿ ಮಾಡಲ್ಲ. ಹಾಗಾಗಿ ನಿಮ್ಮ ಸ್ಟೈಲ್‌ಗೆ ಪ್ಯಾಟರ್ನ್ ದೊಡ್ಡದು ಮಾಡೋ ದಾರಿ ಬೇಡ. ಎರಡೂ ಬಟ್ಟೆ ನೆನೆಸಿ, ಒಣಗಿಸಿ, ಆಮೇಲೆ ಕಟಿಂಗ್‌ಗೆ ಕೊಡಿ. ಶೀಟ್‌ನಲ್ಲಿ "ಎರಡೂ ಬಟ್ಟೆ ಪ್ರೀವಾಶ್ ಆಗಿದೆ, ಅಳತೆಗೆ ಕುಗ್ಗುವಿಕೆ ಸೇರಿಸಬೇಡಿ" ಅಂತ ದಪ್ಪಕ್ಷರದಲ್ಲಿ ಬರೀರಿ. ಬರೀದಿದ್ದರೆ ಮಾಸ್ಟರ್ ಅಭ್ಯಾಸದ ಮೇಲೆ ತಾವೇ ಸೇರಿಸಿಬಿಡ್ತಾರೆ.

ಬಳ್ಳಾರಿ ಡೆನಿಮ್

ಜೀನ್ಸ್‌ನಲ್ಲಿ ನಮಗೆ ಇದು ದಿನದ ಕೆಲಸ. ಪ್ರತಿ ಅಳತೆಗೂ ಎರಡು ಕಾಲಂ ಇಡುತ್ತೇವೆ, ವಾಶ್‌ಗೆ ಮುಂಚೆ ಮತ್ತು ವಾಶ್ ಆದ ಮೇಲೆ. ಹೊಸ ಬ್ರ್ಯಾಂಡ್‌ನವರು ಕಳಿಸುವ ಶೀಟ್‌ನಲ್ಲಿ ಒಂದೇ ಕಾಲಂ ಇರುತ್ತದೆ, ಯಾವ ಹಂತದ ಅಳತೆ ಅಂತ ಗೊತ್ತೇ ಆಗುವುದಿಲ್ಲ. ಡೆನಿಮ್ ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. 12 ಔನ್ಸ್ ಅಂದರೆ ಸುಮಾರು 407 ಜಿಎಸ್‌ಎಂ. ಜೀನ್ಸ್ ಮಾಡುವ ಯೋಚನೆ ಮುಂದೆ ಇದ್ದರೆ ವಾಶ್‌ನ ಶೇಡ್‌ಗೆ ಫೋಟೋ ಕಳಿಸಬೇಡಿ. ಮೊಬೈಲ್ ಸ್ಕ್ರೀನ್‌ನಲ್ಲಿ ನೀಲಿ ಒಂದೊಂದು ಕಡೆ ಒಂದೊಂದು ಥರ ಕಾಣುತ್ತದೆ. ಒಂದು ಕಾಲಿನಷ್ಟು ಬಟ್ಟೆಯನ್ನಾದರೂ ಕೊರಿಯರ್ ಮಾಡಿ.

ಧಾರವಾಡದ ಖಣ

ಇಷ್ಟೊಂದು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಮೈಬಟ್ಟೆ ಚೌಕ ಒಗೆದು ನೋಡಿದೆ: ಉದ್ದ 48, ಅಡ್ಡ 49. ಖಣ ಉದ್ದ 49, ಅಡ್ಡ 49.5. ಮಾಸ್ಟರ್ ಹೇಳಿದ್ದು ನಿಜ, ಎರಡೂ ಬೇರೆ ಬೇರೆ ಕುಗ್ಗುತ್ತವೆ. ಎರಡನ್ನೂ ನೆನೆಸಿಯೇ ಕೊಡುತ್ತೇನೆ.

ಬಣ್ಣಕ್ಕೆ ಪ್ಯಾಂಟೋನ್ (ಬಣ್ಣ ಗುರುತಿಸಲು ಬಳಸುವ ನಂಬರ್ ಪಟ್ಟಿ) ನಂಬರ್ ಕೊಡಬೇಕಾ? ಗುಳೇದಗುಡ್ಡದಲ್ಲಿ ಪ್ಯಾಂಟೋನ್ ಅಂದರೆ ಕೆಲವರಿಗೆ ಗೊತ್ತು, ಕೆಲವರಿಗೆ ಗೊತ್ತಿಲ್ಲ.

ಗುಳೇದಗುಡ್ಡ ಮಗ್ಗ

ಅಕ್ಕಾರ, ನಮಸ್ಕಾರ. ಪ್ಯಾಂಟೋನ್ ನಂಬರ್ ಕೊಟ್ರ ಡೈಯಿಂಗ್‌ನವರು ಹತ್ತಿರಕ್ಕ ತಂದು ಕೊಡ್ತಾರ. ಆದ್ರ ನಂಬರ್ ಕೊಡೋದಾದ್ರ ಬಟ್ಟಿದು ಕೊಡ್ರಿ, ಟಿಸಿಎಕ್ಸ್ ಅಂತ ಕೊನಿಗೆ ಇರ್ತೈತಲ್ಲ ಅದು. ಕಾಗದದ ಮ್ಯಾಲಿನ ನಂಬರ್ ಕೊಟ್ರ ನೂಲಿಗೆ ತಾಳಿ ಆಗೂದಿಲ್ಲ. ಇನ್ನೂ ಚಲೋ ದಾರಿ ಅಂದ್ರ, ನಿಮಗ ಒಪ್ಪಿಗಿ ಆದ ಬಟ್ಟಿ ತುಂಡು ಮೂರು ಮಾಡ್ರಿ. ಒಂದು ನಿಮ್ಮ ಹತ್ರ, ಒಂದು ಡೈಯಿಂಗ್‌ನವರ ಹತ್ರ, ಒಂದು ಹೊಲಿಯೋರ ಹತ್ರ. ಹಿಂದ ತಾರೀಕು ಬರದು ಸಹಿ ಮಾಡ್ರಿ. ಆಮ್ಯಾಲ ಯಾರೂ "ನಾ ನೋಡಿದ್ದು ಬ್ಯಾರೆ" ಅನ್ನಂಗಿಲ್ಲ. ನೋಡೂವಾಗ ಬಿಸಲಾಗ ಒಮ್ಮಿ, ಟ್ಯೂಬ್‌ಲೈಟಿನಾಗ ಒಮ್ಮಿ ನೋಡ್ರಿ. ಕೆಲವು ಬಣ್ಣ ಹೊರಗ ಒಂದ ಕಂಡು ಒಳಗ ಬ್ಯಾರೆ ಕಾಣ್ತಾವ.

ಖಣದ ವಿಚಾರಕ್ಕ ಇನ್ನೊಂದು ಹೇಳ್ತೀನಿ, ಇದನ್ನ ನಿಮ್ಮ ಹಾಳ್ಯಾಗ ತಪ್ಪದ ಬರೀರಿ. ನಮ್ಮ ಖಣಕ್ಕ ಎರಡೂ ಕಡೆ ದಡಿ ಇರ್ತೈತಿ, ನಡುವ ಬುಟ್ಟಿ, ಅಂದ್ರ ನೇದ ಸಣ್ಣ ಚಿತ್ತಾರ. ಪನ್ನ ಸೀರಿಗಿಂತ ಭಾಳ ಕಡಿಮಿ. ಬುಟ್ಟಿಗೆ ದಿಕ್ಕ ಐತಿ. ಉಲ್ಟಾ ಕತ್ತರಿಸಿದ್ರ ಬಲಗಡೆ ಕಫ್‌ನ್ಯಾಗ ಹೂವು ಮ್ಯಾಲ ನೋಡ್ತೈತಿ, ಎಡಗಡೆ ಕಫ್‌ನ್ಯಾಗ ಕೆಳಗ ನೋಡ್ತೈತಿ. ಬಟ್ಟಿ ಉಳಿಸಾಕ ಕಟಿಂಗ್‌ನವರು ತಿರುವಿ ಇಡ್ತಾರ, ನಾ ಕಂಡೀನಿ. "ಎಲ್ಲಾ ತುಂಡೂ ಒಂದ ದಿಕ್ಕಿಗೆ" ಅಂತ ಬಾಣ ಹಾಕಿ ತೋರಸ್ರಿ. ಪನ್ನ ಅಳಿಯೂವಾಗ ದಡಿ ಬಿಟ್ಟು ನಡುವಿನದಷ್ಟ ಅಳೀರಿ, ನೆನಸಿದ ಮ್ಯಾಲ ಅಳೀರಿ.

ಮತ್ತ ಬಣ್ಣ ಬಿಡೂದು. ಖಣದ ತುಂಡಿಗೆ ಬಿಳಿ ಹತ್ತಿ ಬಟ್ಟಿ ಹೊಲದು, ಸೋಪಿನ ನೀರಾಗ ನೆನಸಿ, ಜೋಡಿಯಾಗೇ ಒಣಗಸ್ರಿ. ಬಿಳಿ ಬಟ್ಟಿಗೆ ಬಣ್ಣ ಹತ್ತಿದ್ರ ಆ ಥಾನು ವಾಪಸ್ ಕೊಡ್ರಿ. ನಾವು ತಗೋತೀವಿ. ಕತ್ತರಿಸಿದ ಮ್ಯಾಲ ತಂದ್ರ ಹ್ಯಾಂಗ ತಗೊಳ್ಳೋದು?

ಪೀಣ್ಯ ಮರ್ಚಂಡೈಸರ್

ಇದು ಯಾವ ಟೆಂಪ್ಲೇಟ್‌ನಲ್ಲೂ ಸಿಗದ ಮಾತು. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಟೆಕ್ ಪ್ಯಾಕ್ ಟೆಂಪ್ಲೇಟ್‌ಗಳಲ್ಲಿ ದಡಿ, ಬುಟ್ಟಿಯ ದಿಕ್ಕು, ಪನ್ನ ಇವಕ್ಕೆಲ್ಲ ಜಾಗವೇ ಇರುವುದಿಲ್ಲ. ನೀವೇ ಕಾಲಂ ಸೇರಿಸಿ.

ಈಗ ಹೊಲಿಗೆ ಪುಟ. "ಚೆನ್ನಾಗಿ ಹೊಲಿಯಿರಿ" ಅಂದರೆ ಅರ್ಥವಿಲ್ಲ. ಹೊಲಿಗೆಗಳಿಗೆ ಐಎಸ್‌ಒ 4915 ಅಂತ ಅಂತರರಾಷ್ಟ್ರೀಯ ನಂಬರ್‌ಗಳಿವೆ, ಯೂನಿಟ್‌ನವರಿಗೆಲ್ಲ ಪರಿಚಿತ. 301 ಅಂದರೆ ಸಾಮಾನ್ಯ ಲಾಕ್‌ಸ್ಟಿಚ್, 401 ಚೈನ್ ಸ್ಟಿಚ್, 504 ಮೂರು ದಾರದ ಓವರ್‌ಲಾಕ್. ಐದು ದಾರದ 516 ಅಂದರೆ 401, 504 ಎರಡೂ ಒಟ್ಟಿಗೆ. ಖಣದ ಅಂಚು ಬೇಗ ಎಳೆ ಬಿಡುತ್ತದೆ. ಅದಕ್ಕೆ ಬರೀ ಓವರ್‌ಲಾಕ್ ಸಾಲದು. ಒಳಗೆ ಹತ್ತಿಯ ಇನ್ನೊಂದು ಯೋಕ್ ಕೊಟ್ಟು, ಖಣದ ಅಂಚು ಎರಡರ ಮಧ್ಯೆ ಮುಚ್ಚಿಹೋಗುವ ಹಾಗೆ ಹೊಲಿಸಿ. ಸೀಮ್ ಅಲೋವೆನ್ಸ್ (ಹೊಲಿಗೆಯಾಚೆ ಬಿಡುವ ಬಟ್ಟೆ) 1 ಸೆಂ.ಮೀ. ಬದಲು ಒಂದೂವರೆ ಇಡಿ. ಕಫ್‌ಗೆ ತೆಳು ಫ್ಯೂಸಿಂಗ್, ಅಂದರೆ ಒಳಗೆ ಶಾಖದಿಂದ ಅಂಟಿಸುವ ಪದರ. ಆದರೆ ಫ್ಯೂಸಿಂಗ್ ಶಾಖಕ್ಕೆ ಖಣದ ಹೊಳಪು ಹಾಳಾಗುತ್ತದಾ ಅಂತ ಸಣ್ಣ ತುಂಡಿನ ಮೇಲೆ ಮೊದಲು ನೋಡಬೇಕು.

ಇಂಚಿಗೆ 11ರಿಂದ 12 ಹೊಲಿಗೆ, ದಾರದ ದಪ್ಪ ಟಿಕೆಟ್ 120, ಸೂಜಿ 11ನೇ ನಂಬರ್. ಗುಂಡಿ ಅಳತೆಯನ್ನು ಲೈನ್‌ನಲ್ಲಿ ಹೇಳುತ್ತಾರೆ, 40 ಲೈನ್ ಒಂದು ಇಂಚು. 18 ಲೈನ್ ಅಂದರೆ ಹತ್ತಿರ ಹತ್ತಿರ 11.4 ಮಿ.ಮೀ., ಶರ್ಟ್ ಮುಂಭಾಗಕ್ಕೆ ಬರುವುದು ಅದೇ. ಕಾಜಾ ಅಡ್ಡವೋ ಉದ್ದವೋ ಬರೆಯಿರಿ. ಗುಂಡಿ ಎರಡು ತೂತಿನದೋ ನಾಲ್ಕರದೋ, ಎಷ್ಟು ಎಕ್ಸ್‌ಟ್ರಾ ಗುಂಡಿ ಕೊಡಬೇಕು, ಅದನ್ನು ಒಳಗೆ ಎಲ್ಲಿ ಹೊಲಿಯಬೇಕು, ಬರೆಯಿರಿ. ಮೇನ್ ಲೇಬಲ್, ಸೈಜ್ ಲೇಬಲ್, ವಾಶ್ ಕೇರ್ ಲೇಬಲ್, ಹ್ಯಾಂಗ್ ಟ್ಯಾಗ್, ಪಾಲಿಬ್ಯಾಗ್, ಇವೆಲ್ಲ ಬಾಮ್ ಅನ್ನೋ ಸಾಮಾನು ಪಟ್ಟಿಯಲ್ಲಿ ಬರಲಿ. ಪ್ರತಿಯೊಂದರ ಮುಂದೆ ಯಾರು ತರಬೇಕು ಅಂತ ಒಂದು ಕಾಲಂ ಇರಲಿ. ಜಾಬ್ ವರ್ಕ್‌ನಲ್ಲಿ ಇದು ತುಂಬಾ ಮುಖ್ಯ. ದಾರ ನಿಮ್ಮದಾ ಅವರದಾ ಅಂತ ಮಾತಾಡದೆ ರೇಟ್ ಒಪ್ಪಿಕೊಳ್ಳಬೇಡಿ.

ಭಾಷೆ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಬೆಂಗಳೂರಿನ ಲೈನ್‌ಗಳಲ್ಲಿ ಮಂಡ್ಯ, ತುಮಕೂರು ಕಡೆಯ ಹೆಣ್ಣುಮಕ್ಕಳ ಪಕ್ಕದಲ್ಲೇ ಒಡಿಶಾ, ಜಾರ್ಖಂಡ್‌ನಿಂದ ಬಂದವರೂ ಕೂತಿರುತ್ತಾರೆ. ಇಂಗ್ಲಿಷ್‌ನಲ್ಲಿ ಉದ್ದುದ್ದ ವಾಕ್ಯ ಬರೆದರೆ ಅದು ಸೂಪರ್‌ವೈಸರ್ ಟೇಬಲ್‌ನಲ್ಲೇ ಉಳಿದುಹೋಗುತ್ತದೆ. ಕಫ್‌ನ ಹತ್ತಿರದ ಫೋಟೋ, ಅದರ ಮೇಲೆ ಬಾಣ, ಬಾಣದ ತುದಿಯಲ್ಲಿ ಅಂಕಿ ಇದ್ದರೆ ಅದು ಮಷಿನ್ ಮುಂದೆ ಕೂತವರವರೆಗೂ ತಲುಪುತ್ತದೆ. ಅವರು ಎಷ್ಟೋ ಸಲ ನಮಗಿಂತ ಚೆನ್ನಾಗಿ ಸಮಸ್ಯೆ ಗುರುತಿಸುತ್ತಾರೆ. ಅವರ ಕಣ್ಣಿಗೆ ಬೀಳುವ ಹಾಗೆ ಶೀಟ್ ಇರಲಿ.

ಹುಬ್ಬಳ್ಳಿ ಓದುಗ

ಧಾರವಾಡದವರಿಗೆ ಪಕ್ಕದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ಮಾಡುತ್ತದಲ್ಲ, ಅದು ಭಾರತೀಯ ಮಾನಕ ಬ್ಯೂರೋದ ಐಎಸ್ 1 ಎಂಬ ಮಾನದಂಡದ ಪ್ರಕಾರ. ಉದ್ದ ಅಗಲದ ಅನುಪಾತ 3:2. ಒಂಬತ್ತು ಅಳತೆಗಳು, ದೊಡ್ಡದು 6300 ಗುಣಿಸು 4200 ಮಿ.ಮೀ., ಚಿಕ್ಕದು 150 ಗುಣಿಸು 100. ಚಕ್ರಕ್ಕೆ 24 ಅರೆಗಳು. ಬಟ್ಟೆ, ಬಣ್ಣ, ದಾರ, ಹೊಲಿಗೆ ಎಲ್ಲಕ್ಕೂ ಅಲ್ಲಿ ಬರೆದಿಟ್ಟ ನಿಯಮವಿದೆ. ಯಾರ ಬಾಯಿಮಾತಿನ ಮೇಲೂ ಅದು ನಿಂತಿಲ್ಲ. ಅದಕ್ಕೇ ಯಾವ ವರ್ಷದ ಧ್ವಜವನ್ನು ತೆಗೆದುಕೊಂಡು ಅಳೆದರೂ ಸರಿಯೋ ತಪ್ಪೋ ಹೇಳಬಹುದು. ನಿಮ್ಮ ಕುರ್ತಾಗೂ ಹಾಗೇ ಆಗಬೇಕು. ನೀವು ಎದುರಿಗಿಲ್ಲದಾಗಲೂ ಶೀಟ್ ಹಿಡಿದು ಬೇರೊಬ್ಬರು ಪರೀಕ್ಷೆ ಮಾಡುವಂತಿರಬೇಕು.

ಲೆಕ್ಕಪತ್ರ

ಟ್ಯಾಗ್ ಡಿಸೈನ್ ಕಳಿಸುವ ಮುಂಚೆ ಇದನ್ನೂ ನೋಡಿ. ಪ್ಯಾಕ್ ಮಾಡಿ ಮಾರುವ ಉಡುಪಿಗೆ 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟಿ ನಿಯಮಗಳು ಅನ್ವಯಿಸುತ್ತವೆ. ತಯಾರಕರ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ತೆರಿಗೆ ಸೇರಿ ಎಂಆರ್‌ಪಿ, ತಯಾರಾದ ತಿಂಗಳು ವರ್ಷ, ಸೈಜ್, ಗ್ರಾಹಕರ ದೂರಿಗೆ ಫೋನ್ ಮತ್ತು ಇಮೇಲ್ ಇರಲಿ. ಸಿದ್ಧ ಉಡುಪಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ: ಪೀಸ್‌ಗೆ 2500 ರೂಪಾಯಿವರೆಗೆ ಶೇ 5, ಅದಕ್ಕಿಂತ ಮೇಲೆ ಶೇ 18. ನಿಮ್ಮ ಬೆಲೆ ಆ ಗೆರೆಯ ಹತ್ತಿರವಿದ್ದರೆ ಕಫ್‌ಗೆ ಎಷ್ಟು ಖಣ ಹಾಕುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಮೈಬಟ್ಟೆ ಖಾದಿಯಾದರೆ ಟ್ಯಾಗ್ ಮೇಲೆ "ಖಾದಿ" ಅಂತ ಸುಮ್ಮನೆ ಅಚ್ಚು ಹಾಕಿಸಬೇಡಿ. ಅದು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಟ್ರೇಡ್‌ಮಾರ್ಕ್, ಅನುಮತಿ ಬೇಕು.

ಧಾರವಾಡದ ಖಣ

ಮೈಬಟ್ಟೆ ಕೈಮಗ್ಗದ್ದು, ಆದರೆ ಮಿಲ್ ನೂಲು. ಹಾಗಾಗಿ ಖಾದಿ ಅನ್ನುವುದಿಲ್ಲ.

ಇನ್ನೊಂದು ಭಯ ಇದೆ. ರೇಟ್ ಕೇಳಲು ನಾಲ್ಕೈದು ಯೂನಿಟ್‌ಗೆ ಪೂರ್ತಿ ಟೆಕ್ ಪ್ಯಾಕ್ ಕಳಿಸಿದರೆ ಡಿಸೈನ್ ಕದಿಯುತ್ತಾರಾ?

ಲೆಕ್ಕಪತ್ರ

ರೇಟ್ ಕೇಳುವಾಗ ಪೂರ್ತಿ ಕೊಡಬೇಡಿ. ಚಿತ್ರ, ಎಂ ಸೈಜಿನ ಮುಖ್ಯ ಅಳತೆ, ಬಟ್ಟೆ ಪುಟ, ಹೊಲಿಗೆಗಳ ಪಟ್ಟಿ ಸಾಕು. ಪ್ಯಾಟರ್ನ್ ಮತ್ತು ಗ್ರೇಡಿಂಗ್ ಆರ್ಡರ್ ಖಚಿತವಾದ ಮೇಲೆ, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಕೊಡಿ.

ಕಾನೂನಿನಲ್ಲಿ ಒಂದು ಸೂಕ್ಷ್ಮ ಇದೆ. ಡಿಸೈನ್ಸ್ ಕಾಯ್ದೆಯಡಿ ನೋಂದಣಿ ಮಾಡಿಸಬಹುದಾದ ವಿನ್ಯಾಸವನ್ನು ನೋಂದಣಿ ಮಾಡಿಸದೆ ಕೈಗಾರಿಕಾ ರೀತಿಯಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತಯಾರಿಸಿದರೆ, ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಆ ವಿನ್ಯಾಸದ ಮೇಲಿನ ಕಾಪಿರೈಟ್ ಹೋಗುತ್ತದೆ. ನಿಮ್ಮದು 300. 2000ದ ಡಿಸೈನ್ಸ್ ಕಾಯ್ದೆಯಲ್ಲಿ ನೋಂದಣಿಯಾದರೆ 10 ವರ್ಷ ರಕ್ಷಣೆ, ಮತ್ತೆ 5 ವರ್ಷ ವಿಸ್ತರಿಸಬಹುದು. ಆದರೆ ವಿನ್ಯಾಸ ಹೊಸದಾಗಿರಬೇಕು, ಮೊದಲೇ ಬಹಿರಂಗ ಆಗಿರಬಾರದು. ಇನ್‌ಸ್ಟಾಗ್ರಾಂನಲ್ಲಿ ಫೋಟೋ ಹಾಕುವ ಮುಂಚೆಯೇ ಅರ್ಜಿ ಹಾಕಿ. ಸಾಮಾನ್ಯ ಕುರ್ತಾದ ಆಕಾರಕ್ಕೆ ನೋಂದಣಿ ಸಿಗುವುದು ಕಷ್ಟ. ಯೋಕ್‌ನಲ್ಲಿ ಖಣವನ್ನು ಜೋಡಿಸಿದ ರೀತಿ ನಿಮ್ಮದೇ ಆಗಿದ್ದರೆ ಒಬ್ಬ ವಕೀಲರನ್ನು ಕೇಳಿ.

ಪೀಣ್ಯ ಮರ್ಚಂಡೈಸರ್

ಸ್ಯಾಂಪಲ್ ಹಂತಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೊದಲು ಪ್ರೋಟೋ (ವಿನ್ಯಾಸ ನೋಡಲು), ಆಮೇಲೆ ಫಿಟ್ (ಮೈಗೆ ಕೂರುತ್ತದಾ ನೋಡಲು), ಸೈಜ್ ಸೆಟ್, ಕೊನೆಗೆ ಪಿಪಿ ಅಂದರೆ ಪ್ರೀ ಪ್ರೊಡಕ್ಷನ್ ಸ್ಯಾಂಪಲ್. ಪಿಪಿ ಮಾತ್ರ ಅಸಲಿ ಬಟ್ಟೆ, ಅಸಲಿ ಗುಂಡಿ, ಅಸಲಿ ಲೇಬಲ್‌ನಲ್ಲೇ ಆಗಬೇಕು. ಎರಡು ಪಿಪಿ ಮಾಡಿಸಿ, ಎರಡಕ್ಕೂ ಸಹಿ ಹಾಕಿ ಸೀಲ್ ಮಾಡಿ, ಒಂದು ನೀವು ಇಟ್ಟುಕೊಳ್ಳಿ. ಪಿಪಿ ಒಪ್ಪಿಗೆ ಬರೆದು ಕೊಡುವವರೆಗೆ ಬಲ್ಕ್ ಕಟಿಂಗ್ ಇಲ್ಲ ಅಂತ ಒಪ್ಪಂದದಲ್ಲೇ ಇರಲಿ. ತಿದ್ದುಪಡಿ ಆದಾಗಲೆಲ್ಲ ಶೀಟ್‌ಗೆ ಹೊಸ ವರ್ಷನ್ ನಂಬರ್, ತಾರೀಕು ಹಾಕಿ. ವಾಟ್ಸಾಪ್‌ನಲ್ಲಿ ಹೇಳಿದ ಬದಲಾವಣೆ ಶೀಟ್‌ಗೆ ಬರದಿದ್ದರೆ ಅದು ಆಗಿಲ್ಲ ಅಂತಲೇ ಲೆಕ್ಕ.

ಕೊನೆಯ ತಪಾಸಣೆಗೆ ಎಕ್ಯೂಎಲ್ (ಎಷ್ಟು ದೋಷದವರೆಗೆ ಲಾಟ್ ಒಪ್ಪಬಹುದು ಅನ್ನುವ ಮಟ್ಟ) 2.5 ಅಂತ ಬರೆಯಿರಿ. 300 ಪೀಸ್ ಲಾಟ್‌ಗೆ, ಸಾಮಾನ್ಯ ಎರಡನೇ ಹಂತದ ತಪಾಸಣೆಯಲ್ಲಿ, ಯಾದೃಚ್ಛಿಕವಾಗಿ 50 ಪೀಸ್ ತೆಗೆದು ನೋಡಬೇಕು. ದೊಡ್ಡ ದೋಷ 3ರವರೆಗೆ ಇದ್ದರೆ ಲಾಟ್ ಪಾಸ್, 4 ಬಂದರೆ ಫೇಲ್. ಯಾವುದು ದೊಡ್ಡ ದೋಷ ಅಂತಲೂ ನೀವೇ ಹೇಳಬೇಕು. ನಿಮ್ಮ ಕುರ್ತಾಗೆ ಬುಟ್ಟಿ ತಲೆಕೆಳಗಾದರೆ ಅದು ದೊಡ್ಡ ದೋಷ. ಕೈಮಗ್ಗದ ನೂಲಿನ ಗಂಟು ದೋಷವೇ ಅಲ್ಲ ಅಂತಲೂ ಬರೆಯಿರಿ. ಇಲ್ಲದಿದ್ದರೆ ಚೆಕಿಂಗ್‌ನವರು ಒಳ್ಳೆಯ ಪೀಸ್‌ಗಳನ್ನೇ ಪಕ್ಕಕ್ಕೆ ಹಾಕುತ್ತಾರೆ.

ಧಾರವಾಡದ ಖಣ

ಎಲ್ಲರ ಮಾತು ಸೇರಿಸಿ ಖಣದ ಪುಟ ಬರೆದಿದ್ದೇನೆ. ಅದನ್ನಷ್ಟೇ ಇಲ್ಲಿ ಹಾಕುತ್ತೇನೆ, ದಯವಿಟ್ಟು ನೋಡಿ.

ಸ್ಟೈಲ್ 01, ವರ್ಷನ್ 3. ಬಟ್ಟೆ ಬಿ: ಖಣ, ಪ್ರೀವಾಶ್ ಆಗಿದೆ. ಬಳಸಬಹುದಾದ ಪನ್ನ, ದಡಿ ಬಿಟ್ಟು, 70 ಸೆಂ.ಮೀ.
ಎಲ್ಲಾ ತುಂಡೂ ಒಂದೇ ದಿಕ್ಕು, ಬುಟ್ಟಿಯ ತುದಿ ಕಾಲರ್ ಕಡೆಗೆ. ಕಫ್‌ನಲ್ಲಿ ಬುಟ್ಟಿಯ ತುದಿ ಮೊಣಕೈ ಕಡೆಗೆ.
ಯೋಕ್, ಎಂ: ಭುಜ 38, ಎರಡೂ ಬದಿ ಅಲೋವೆನ್ಸ್ ಒಂದೂವರೆ, ಕಟ್ ಅಗಲ 41, ಕಟ್ ಎತ್ತರ 14.
ಕಫ್, ಎಂ: ಉದ್ದ 23, ಕಟ್ ಉದ್ದ 26. ಎತ್ತರ 5, ಕಟ್ ಎತ್ತರ 8. ಪೀಸ್‌ಗೆ ಎರಡು.
ಗ್ರೇಡ್: ಭುಜ 1.3, ಕಫ್ ಉದ್ದ 1.
ರೇಶಿಯೋ: ಎಸ್ 50, ಎಂ 100, ಎಲ್ 100, ಎಕ್ಸ್‌ಎಲ್ 50.

ಯೋಕ್ 41, ಪಕ್ಕದಲ್ಲಿ ಕಫ್ 26, ಒಟ್ಟು 67. ಕಫ್ ಎರಡನ್ನೂ ಒಂದರ ಕೆಳಗೊಂದು ಇಟ್ಟರೆ 16 ಸೆಂ.ಮೀ. ಉದ್ದದಲ್ಲಿ ಒಂದು ಪೀಸ್‌ನ ಖಣ ಮುಗಿಯುತ್ತದೆ. 300 ಪೀಸ್‌ಗೆ 48 ಮೀಟರ್, ವೇಸ್ಟ್ ಸೇರಿ 55 ತರಿಸೋಣ ಅಂದುಕೊಂಡಿದ್ದೇನೆ.

ಬೊಮ್ಮನಹಳ್ಳಿ ಮಾಸ್ಟರ್

ಪುಟ ಚೆನ್ನಾಗಿದೆ. ನಾನು ಇದರ ಮೇಲೆ ನೇರ ಕೆಲಸ ಮಾಡಬಲ್ಲೆ. ಆದರೆ ಎಕ್ಸ್‌ಎಲ್ ಲೆಕ್ಕ ಹಾಕಿ ನೋಡಿ. ಯೋಕ್ 43.6, ಕಫ್ 28. ಒಟ್ಟು 71.6. ನಿಮ್ಮ ಪನ್ನ 70. ಎಲ್ 69.3ಕ್ಕೆ ಹೇಗೋ ಕೂರುತ್ತೆ, ಅಂಚಿನಲ್ಲಿ ಉಸಿರಾಡೋಕೂ ಜಾಗ ಇಲ್ಲ. ಎಕ್ಸ್‌ಎಲ್ ಕೂರಲ್ಲ. ಕಫ್ ತಿರುಗಿಸಿ ಇಡೋಣ ಅಂದರೆ ದಿಕ್ಕು ಕೆಡುತ್ತೆ. ಆ 50 ಪೀಸ್‌ಗೆ ಯೋಕ್ ಒಂದು ಲೇ (ಕತ್ತರಿಸೋಕೆ ಹಾಸೋ ಬಟ್ಟೆ), ಕಫ್ ಇನ್ನೊಂದು ಲೇ ಮಾಡಬೇಕು. ಎಕ್ಸ್‌ಎಲ್ ಕಫ್‌ಗಳನ್ನು 70ರ ಪನ್ನದಲ್ಲಿ ಅಡ್ಡಕ್ಕೆ ಎರಡೆರಡು ಇಟ್ಟರೆ ಪೀಸ್‌ಗೆ 8 ಸೆಂ.ಮೀ. ಉದ್ದ ಹೋಗುತ್ತೆ, ಯೋಕ್‌ಗೆ 14. ಅಂದರೆ 16ರ ಬದಲು 22. ಬಟ್ಟೆ ತರಿಸುವ ಮುಂಚೆ ಇದನ್ನು ಸೇರಿಸಿ, ಪ್ರತಿ ಸೈಜ್‌ನ ಮಾರ್ಕರ್ (ಬಟ್ಟೆ ಮೇಲೆ ತುಂಡುಗಳನ್ನು ಜೋಡಿಸೋ ನಕ್ಷೆ) ಬೇರೆ ಬೇರೆ ಹಾಕಿ ನೋಡಿ.

ಧಾರವಾಡದ ಖಣ

ಎಂ ಸೈಜಿಗೆ ಮಾತ್ರ ಮಾರ್ಕರ್ ಹಾಕಿದ್ದೆ. 50 ಪೀಸ್‌ಗೆ ತಲಾ 6 ಸೆಂ.ಮೀ. ಅಂದರೆ 3 ಮೀಟರ್ ಹೆಚ್ಚು. 51 ಮೀಟರ್ ಮೇಲೆ ವೇಸ್ಟ್ ಹಿಡಿದು 58 ಮಾಡುತ್ತೇನೆ. ಎಲ್ ಸೈಜಿನ ಇಕ್ಕಟ್ಟಿಗೆ ಏನು ಮಾಡಲಿ?

ಗುಳೇದಗುಡ್ಡ ಮಗ್ಗ

ಅಕ್ಕಾರ, ಇನ್ನೂ ಹಾಸು (ಮಗ್ಗದಾಗ ಉದ್ದಕ್ಕ ಕಟ್ಟೋ ಎಳಿ) ಹೂಡಿಲ್ಲ ಅಂದ್ರ ಒಂದು ದಾರಿ ಐತಿ. ಹಾಸಿನಾಗ ಎಳಿ ಹೆಚ್ಚು ಮಾಡಿ ನಡುವಿನ ಪನ್ನ ಎರಡು ಇಂಚು ಏರಸಬಹುದು, ಎಳಿ ಹಾಯೋ ಹಣಗಿಯೊಳಗ ಅಷ್ಟು ಜಾಗ ಇದ್ರ. ನೆನಸಿದ ಮ್ಯಾಲೂ 74, 75 ಉಳೀತೈತಿ. ಆಗ ಎಲ್, ಎಕ್ಸ್‌ಎಲ್ ಎಲ್ಲಾ ಒಂದ ಲೇದಾಗ ಕುಂದರ್ತಾವ, ನಿಮ್ಮ 3 ಮೀಟರೂ ಉಳೀತೈತಿ. ಬುಟ್ಟಿ ಸಾಲು ಒಂದು ಹೆಚ್ಚಿಗಿ ಬರ್ತೈತಿ, ಅದನ್ನ ನಡುವ ಸರಿಯಾಗಿ ಕೂಡಸಬೇಕು, ಇಲ್ಲಂದ್ರ ಯೋಕಿನ ನಡು ಭಾಗಕ್ಕ ಬುಟ್ಟಿ ಬರೂದಿಲ್ಲ. ಎರಡು ಬಣ್ಣ ಅಂದ್ರಿ, ಯಾವ ಬಣ್ಣಕ್ಕ ಎಷ್ಟು ಮೀಟರ್ ಅಂತ ನಿಮ್ಮ ಹಾಳ್ಯಾಗ ಇಲ್ಲ. ಅದನ್ನ ಬರದು ಕಳಸ್ರಿ, ಜೋಡಿಗೆ ಆ ಸಹಿ ಮಾಡಿದ ಬಟ್ಟಿ ತುಂಡೂ ಇರಲಿ. ಬಂದ ಮ್ಯಾಲ ಹಾಸು ಹೂಡ್ತೀನಿ.